ಪದಕೋಶದೊಂದಿಗೆ ಒಂದು ಸಂಜೆ



ಮನೆಗೆ ನೆಂಟರು ಬಂದಿದ್ದಾರೆ, ಹೊರಗೆ ಜಡಿಮಳೆ, ಕರೆಂಟೂ ಹೋಗಿದೆ ಎಂದುಕೊಳ್ಳಿ. ಅಂತಹ ಸಂಜೆಗೆ ಒಂದು ಆಟವನ್ನು ಸೂಚಿಸುತ್ತೇನೆ. ಬೇಕಾದದ್ದು ಒಂದು ನಿಘಂಟು, ಕೆಲವು ಚೀಟಿಗಳು, ಪೆನ್ಸಿಲು.

ಒಬ್ಬರು ನಿಘಂಟಿನಿಂದ ಯಾರಿಗೂ ತಿಳಿಯದ ಶಬ್ದವೊಂದನ್ನು ಆರಿಸಿ ಹೇಳುತ್ತಾರೆ. ಉಳಿದವರು ಅದಕ್ಕೊಂದು ಸುಳ್ಳು ಅರ್ಥ ಕಟ್ಟಿ ಚೀಟಿಯಲ್ಲಿ ಬರೆದುಕೊಡಬೇಕು. ಆರಿಸಿದವರು ನಿಜವಾದ ಅರ್ಥವನ್ನೂ ಅವುಗಳಲ್ಲಿ ಬೆರೆಸಿ ಎಲ್ಲವನ್ನೂ ಓದುತ್ತಾರೆ. ನಿಜವನ್ನು ಗುರುತಿಸಿದವರಿಗೆ ಒಂದು ಅಂಕ. ನಿಮ್ಮ ಸುಳ್ಳನ್ನು ಎಷ್ಟು ಜನ ನಂಬಿದರೋ ಅಷ್ಟು ಅಂಕ ನಿಮಗೆ. ಇದೇ ಬಗೆಯ ಆಟವನ್ನು ಬಿ.ಬಿ.ಸಿ. ದೂರದರ್ಶನ 1965ರಲ್ಲಿ ‘ಕಾಲ್ ಮೈ ಬ್ಲಫ್’ ಎಂಬ ಹೆಸರಿನಲ್ಲಿ ಆರಂಭಿಸಿತು.

ಆಟದ ಸೊಗಸೆಲ್ಲ ಶಬ್ದದ ಆಯ್ಕೆಯಲ್ಲಿದೆ. ಕಠಿಣವಾದುದೆಲ್ಲ ಒಳ್ಳೆಯ ಶಬ್ದವಲ್ಲ. ‘ಬಿಸುಗದಿರ’ ಎಂದರೆ ಬಿಸಿಯೂ ಕದಿರೂ ಒಳಗಿನಿಂದಲೇ ಸೂರ್ಯನನ್ನು ತೋರಿಸಿಕೊಡುತ್ತವೆ; ಬಿಟ್ಟುಬಿಡಿ. ‘ಒಂದು ಬಗೆಯ ಗಿಡ’ ಎಂದಷ್ಟೇ ಅರ್ಥವಿರುವ ಶಬ್ದವೂ ಬೇಡ. ಗೆದ್ದವರಿಗೂ ಅದರಲ್ಲಿ ಸಂತೋಷವಿಲ್ಲ. ‘ಹಂದೆ’ಯನ್ನು ನೋಡಿ. ಕೇಳಿದವರೆಲ್ಲ ಹಂದಿಯ ಹಿಂದೆ ಓಡುತ್ತಾರೆ. ಅರ್ಥ ಮಾತ್ರ ಹೇಡಿ! ‘ಎಲರುಣಿ’ ಇನ್ನೂ ಸ್ವಾರಸ್ಯದ್ದು. ಎಲರ್ ಎಂದರೆ ಗಾಳಿ. ಗಾಳಿಯನ್ನು ಉಣ್ಣುವುದು, ಅಂದರೆ ಹಾವು. ಇಲ್ಲಿ ನಿಜವೇ ಸುಳ್ಳಿನಂತೆ ಕೇಳಿಸುತ್ತದೆ. ಶಬ್ದ ಚಿಕ್ಕದಿರಲಿ, ಉಚ್ಚಾರಕ್ಕೆ ಸುಲಭವಿರಲಿ, ಅರ್ಥ ಕಣ್ಣಿಗೆ ಕಟ್ಟುವಂತಿರಲಿ.

ನಮಗೆ ನಿಘಂಟುಗಳ ಬಡತನವಿಲ್ಲ. ಕಿಟೆಲ್ ಅವರ ಕನ್ನಡ–ಇಂಗ್ಲಿಷ್ ನಿಘಂಟು 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು. ಕನ್ನಡ ಸಾಹಿತ್ಯ ಪರಿಷತ್ತಿನ ನಿಘಂಟಿನ ಎಂಟು ಸಂಪುಟಗಳು 1970ರಿಂದ 1995ರವರೆಗೆ ಹೊರಬಂದವು. ‘ಪ’ಕಾರದ ಪುಟಗಳನ್ನು ಮೊದಲು ತೆರೆಯಿರಿ. ಹಳಗನ್ನಡದ ‘ಪ’ ಎಷ್ಟೋ ಕಡೆ ಮುಂದೆ ‘ಹ’ ಆದುದರಿಂದ, ಪರಿಚಿತ ಶಬ್ದಗಳೂ ಅಲ್ಲಿ ವೇಷ ಮರೆಸಿಕೊಂಡು ಕುಳಿತಿರುತ್ತವೆ.

ಆದರೆ ಒಂದು ಎಚ್ಚರಿಕೆ. ಒಮ್ಮೆ ಬೇಸಿಗೆ ರಜೆಯಲ್ಲಿ ನಾನು ಮಕ್ಕಳಿಗೆ ‘ಬಾನಿ’ ಎಂಬ ಶಬ್ದ ಕೊಟ್ಟೆ. ಒಬ್ಬ ‘ಆಕಾಶದ ದೇವತೆ’ ಎಂದು ಬರೆದ. ಒಬ್ಬಳು ‘ಮಧುರವಾದ ಕಂಠ’ ಎಂದಳು. ಮೂಲೆಯಲ್ಲಿ ಬತ್ತಿ ಹೊಸೆಯುತ್ತಿದ್ದ ನನ್ನ ತಾಯಿ ತಲೆಯೆತ್ತಿ, “ಏನ್ರೋ, ಕಲಗಚ್ಚಿನ ಬಾನಿ ಗೊತ್ತಿಲ್ವೇ?” ಎಂದರು. ಆಟ ಕೆಟ್ಟಿತು. ಮಕ್ಕಳು, “ಕಲಗಚ್ಚು ಅಂದ್ರೇನಜ್ಜಿ?” ಎಂದು ಕೇಳಿದರು. ಅಕ್ಕಿ ತೊಳೆದ ನೀರು, ಅದನ್ನು ತುಂಬಿಡುತ್ತಿದ್ದ ಅಗಲ ಬಾಯಿಯ ಪಾತ್ರೆ, ಅದಕ್ಕೆ ಮೂತಿ ಅದ್ದುತ್ತಿದ್ದ ಕರು, ಹೀಗೆ ಮಾತು ಊಟದ ಹೊತ್ತಿನವರೆಗೆ ಬೆಳೆಯಿತು.

ನಾನು ಅಪರೂಪದ ಶಬ್ದವೆಂದು ಹುಡುಕಿ ತಂದದ್ದು ಆಕೆ ದಿನವೂ ತೊಳೆದಿಟ್ಟ ಪಾತ್ರೆಯಾಗಿತ್ತು. ಒಂದೇ ಸೂರಿನಡಿ, ಎರಡು ತಲೆಮಾರಿನಲ್ಲಿ, ಮನೆಮಾತು ನಿಘಂಟಿನ ಮಾತಾಗಿತ್ತು. ಅಂದಿನಿಂದ ನಮ್ಮಲ್ಲಿ ಒಂದು ನಿಯಮ: ಪ್ರತಿ ಮೂರನೆಯ ಸರದಿಯ ಶಬ್ದವನ್ನು ಮನೆಯ ಹಿರಿಯರೇ ಕೊಡಬೇಕು. ಅವರು ಹೇಳಿದ ಅರ್ಥವನ್ನು ಮಕ್ಕಳು ಒಂದು ನೋಟುಪುಸ್ತಕದಲ್ಲಿ ಬರೆದಿಡಬೇಕು.

ನೀವೂ ಹಾಗೆ ಮಾಡಿ ನೋಡಿ. ನಿಘಂಟನ್ನು ನಾಳೆಯೂ ತೆರೆಯಬಹುದು. ಅಜ್ಜಿಯನ್ನು ಇಂದೇ ಕೇಳಿ.