ಹದಿಹರೆಯಕ್ಕೊಂದು ರಂಗಸಜ್ಜಿಕೆ: ‘ಬ್ಯಾಟ್ ಔಟ್ ಆಫ್ ಹೆಲ್’

‘ಬ್ಯಾಟ್ ಔಟ್ ಆಫ್ ಹೆಲ್’ ಆಲ್ಬಮ್ ಬಂದಿದ್ದು 1977ರ ಅಕ್ಟೋಬರ್‌ನಲ್ಲಿ. ಹಾಡಿದವರು ಮೀಟ್ ಲೋಫ್. ಏಳೂ ಹಾಡು ಬರೆದು ರಾಗ ಹಾಕಿದವರು ಜಿಮ್ ಸ್ಟೈನ್‌ಮನ್. ಅದೇ ತಿಂಗಳು ಬ್ರಿಟನ್ನಿನಲ್ಲಿ ಪಂಕ್ ತಂಡ ಸೆಕ್ಸ್ ಪಿಸ್ಟಲ್ಸ್ ಆಲ್ಬಮ್ಮೂ ಬಂತು. ಹಾಡು ಚಿಕ್ಕದಿರಬೇಕು, ಒರಟಾಗಿರಬೇಕು ಅನ್ನುವ ಪಂಕ್ ಕಾಲ ಅದು. ಇವರು ನೋಡಿದರೆ ಹತ್ತಿರ ಹತ್ತಿರ ಹತ್ತು ನಿಮಿಷದ ಹಾಡಿನಿಂದ ಶುರು ಮಾಡಿದರು! ಅದಕ್ಕೂ ಮುಂಚೆ ಒಂದರ ಹಿಂದೊಂದು ರೆಕಾರ್ಡ್ ಕಂಪನಿ ಇದನ್ನು ಬೇಡ ಅಂದಿತ್ತು.

ಇದು ಇಷ್ಟು ಕಾಲ ಉಳಿದಿದ್ದು ಹೇಗೆ? ಇಬ್ಬರೂ ರಂಗಭೂಮಿಯವರು, ನನ್ನ ಪ್ರಕಾರ ಗುಟ್ಟು ಅಲ್ಲೇ ಇದೆ. ಮೀಟ್ ಲೋಫ್ ನಟ. ‘ರಾಕಿ ಹಾರರ್’ ಸಿನಿಮಾದಲ್ಲಿ ಬೈಕ್ ಏರಿ ಬರುವ ಎಡ್ಡಿ ಅವರೇ. ಸ್ಟೈನ್‌ಮನ್ ಪೀಟರ್ ಪ್ಯಾನ್ ಕಥೆ ಇಟ್ಟುಕೊಂಡು ‘ನೆವರ್‌ಲ್ಯಾಂಡ್’ ಅನ್ನುವ ಸಂಗೀತ ನಾಟಕ ಕಟ್ಟುತ್ತಿದ್ದರು. ಈ ಆಲ್ಬಮ್ಮಿನ ಕೆಲವು ಹಾಡು ಹುಟ್ಟಿದ್ದು ಅಲ್ಲಿ. ಪೀಟರ್ ಪ್ಯಾನ್ ಅಂದರೆ ದೊಡ್ಡವನಾಗಲು ಒಪ್ಪದ ಹುಡುಗ. ಹದಿನೇಳರ ವಯಸ್ಸಿಗೆ ಪ್ರೀತಿ ಕೈತಪ್ಪಿದರೆ ಲೋಕವೇ ಮುಗಿದ ಹಾಗೆ ಅನ್ನಿಸುತ್ತಲ್ಲ, ಸ್ಟೈನ್‌ಮನ್ ಅದನ್ನು ಅಷ್ಟೇ ದೊಡ್ಡದು ಅಂತ ನಂಬಿ ಬರೆದರು.

‘ಪ್ಯಾರಡೈಸ್ ಬೈ ದ ಡ್ಯಾಶ್‌ಬೋರ್ಡ್ ಲೈಟ್’ ಕೇಳಿ. ನಿಂತ ಕಾರಿನಲ್ಲಿ ಹುಡುಗ, ಹುಡುಗಿ. ಆತುರ ಏರುತ್ತಿದ್ದ ಹಾಗೆ ನಡುವೆ ಬೇಸ್‌ಬಾಲ್ ಕಾಮೆಂಟರಿ ಬರುತ್ತದೆ. ಕೊಟ್ಟವರು ನ್ಯೂಯಾರ್ಕ್ ಯಾಂಕೀಸ್ ತಂಡದ ನಿಜವಾದ ಕಾಮೆಂಟೇಟರ್ ಫಿಲ್ ರಿಜುಟೊ. ಆಟಗಾರ ಒಂದೊಂದೇ ಬೇಸ್ ದಾಟಿ ಓಡುತ್ತಿದ್ದಾನೆ, ಇನ್ನೇನು ಕೊನೆಯ ಬೇಸ್ ಮುಟ್ಟಬೇಕು, ಅಷ್ಟರಲ್ಲಿ ಹುಡುಗಿಯಾಗಿ ಹಾಡಿದ ಎಲೆನ್ ಫೋಲಿಯ ದನಿ ತಡೆಯುತ್ತದೆ: ಮೊದಲು ಹೇಳು, ಕೊನೇವರೆಗೂ ನನ್ನ ಕೈ ಬಿಡಲ್ಲ ತಾನೆ? ಅವನು ನಾಳೆ ಹೇಳ್ತೀನಿ ಅಂತ ಜಾರಿಕೊಳ್ಳುತ್ತಾನೆ, ಇವಳು ಬಿಡುವುದಿಲ್ಲ. ಕಡೆಗೆ ಆಣೆ ಇಡುತ್ತಾನೆ, ಆಮೇಲೆ ಜೀವನಪೂರ್ತಿ ಪರಿತಪಿಸುತ್ತಾನೆ. ಎಂಟು ನಿಮಿಷದಲ್ಲಿ ಪ್ರವೇಶ, ಜಗಳ, ದುರಂತ ಎಲ್ಲ ಮುಗಿಯುತ್ತದೆ. ಮೀಟ್ ಲೋಫ್ ಉಸಿರು ಕಟ್ಟಿ ಹೂಂಗುಟ್ಟುವಾಗ ಹಣೆಯ ಬೆವರು ಕಣ್ಣಿಗೆ ಕಾಣುತ್ತದೆ.

ನಿರ್ಮಾಪಕ ಟಾಡ್ ರಂಡ್‌ಗ್ರೆನ್ ಕೈಚಳಕಕ್ಕೂ ಕಿವಿಗೊಡಿ. ಮೊದಲ ಹಾಡಿನಲ್ಲಿ ಬೈಕ್ ಗುಡುಗಿ ಗೇರ್ ಬದಲಾಗುವ ಸದ್ದಿದೆ. ಅದು ಎಂಜಿನ್ ಅಲ್ಲ, ಅವರೇ ನುಡಿಸಿದ ಗಿಟಾರ್! ಡ್ರಮ್ಸ್, ಪಿಯಾನೊಗೆ ಬ್ರೂಸ್ ಸ್ಪ್ರಿಂಗ್‌ಸ್ಟೀನ್ ತಂಡದ ಮ್ಯಾಕ್ಸ್ ವೈನ್‌ಬರ್ಗ್ ಮತ್ತು ರಾಯ್ ಬಿಟ್ಟನ್ ಬಂದಿದ್ದರು.

ಇದೆಲ್ಲ ಅತಿಯಾಯಿತು ಅನ್ನುವವರು ಆಗಲೂ ಇದ್ದರು, ಈಗಲೂ ಇದ್ದಾರೆ. ಅತಿ ಹೌದು. ಆದರೆ ಹಾಡುವವನಿಗೆ ಅದರ ಬಗ್ಗೆ ಒಂದಿಷ್ಟೂ ಸಂಕೋಚವಿಲ್ಲ, ಅದಕ್ಕೇ ನಾವು ನಂಬುತ್ತೇವೆ. ಬ್ರಿಟನ್ನಿನ ಆಲ್ಬಮ್ ಮಾರಾಟದ ಪಟ್ಟಿಯಲ್ಲಿ ಇದು ಒಟ್ಟು 500 ವಾರಕ್ಕೂ ಹೆಚ್ಚು ಇತ್ತು. 2017ರಲ್ಲಿ ಮ್ಯಾಂಚೆಸ್ಟರ್‌ನಲ್ಲಿ ಸಂಗೀತ ನಾಟಕವಾಗಿ ರಂಗವನ್ನೇ ಏರಿತು. ಸ್ಟೈನ್‌ಮನ್ 2021ರಲ್ಲಿ, ಮೀಟ್ ಲೋಫ್ 2022ರಲ್ಲಿ ತೀರಿಕೊಂಡರು.

ಒಟ್ಟು ಮುಕ್ಕಾಲು ಗಂಟೆಯ ಆಲ್ಬಮ್. ಹಾಡಿನ ಸಾಹಿತ್ಯ ಎದುರಿಗಿಟ್ಟುಕೊಂಡು, ಶಫಲ್ ಆಫ್ ಮಾಡಿ, ಮೊದಲಿಂದ ಕೊನೆವರೆಗೂ ಒಂದೇ ಸಲಕ್ಕೆ ಕೇಳಿ. ಯಾವ ಹಾಡು ಹಿಡಿಸಿತು ಅಂತ ನನಗೂ ತಿಳಿಸಿ.