ಬಡಾವಣೆಯ ಬೀದಿ ಯಾರದು?

ಬೆಂಗಳೂರಿನ ಹೊರಬಡಾವಣೆಗಳಲ್ಲಿ ನಾಲ್ಕು ಜನ ಸೇರಿದರೆ ಮೊದಲು ಬರುವುದು ರಸ್ತೆಯ ಮಾತು. ಅಗೆದ ಹಳ್ಳವನ್ನು ಮುಚ್ಚಲಿಲ್ಲವೆಂದು ಒಬ್ಬರು, ಬಸ್ಸು ಬರಲಿಲ್ಲವೆಂದು ಮತ್ತೊಬ್ಬರು, ಟ್ಯಾಂಕರ್ ನೀರಿನ ಬೆಲೆ ಏರಿತೆಂದು ಮಗದೊಬ್ಬರು. ಕೇಳುವವರಿಗೆ ಇದು ಬರಿಯ ಗೊಣಗಾಟವೆಂದು ತೋರಬಹುದು. ಆದರೆ ಈ ಗೊಣಗಾಟದ ಬೇರು ಎಲ್ಲಿದೆಯೆಂದು ನೀವು ಎಂದಾದರೂ ಯೋಚಿಸಿದ್ದೀರಾ?

1898ರಲ್ಲಿ ಪ್ಲೇಗು ಹಬ್ಬಿದಾಗ ಇಕ್ಕಟ್ಟಾದ ಪೇಟೆಯನ್ನು ಬಿಟ್ಟ ಜನ ನೆಲಸಲೆಂದು ಬೆಳೆದ ಬಡಾವಣೆಗಳು ಬಸವನಗುಡಿ ಮತ್ತು ಮಲ್ಲೇಶ್ವರ. ಅಲ್ಲಿ ರಸ್ತೆ ಮೊದಲು, ಮನೆ ಆಮೇಲೆ. ಮುಖ್ಯರಸ್ತೆಗಳನ್ನು ಅಡ್ಡರಸ್ತೆಗಳು ಹಾದುಹೋಗುತ್ತವೆ. ಒಂದು ಬೀದಿಯಲ್ಲಿ ತಡೆಯಾದರೆ ಇನ್ನೊಂದನ್ನು ಹಿಡಿಯಬಹುದು. ಈಚಿನ ಹೊರವಲಯದಲ್ಲಿ ಈ ಕ್ರಮ ಬಹುಮಟ್ಟಿಗೆ ತಲೆಕೆಳಗಾಯಿತು. ಹೊಲಗಳು ಒಂದೊಂದಾಗಿ ನಿವೇಶನಗಳಾದವು. ಒಂದು ಹೊಲದಲ್ಲಿ ಹಾಕಿದ ಬೀದಿ ಪಕ್ಕದ ಹೊಲದ ಕಾಂಪೌಂಡಿಗೆ ಬಂದು ನಿಂತಿತು. ಹಿಂದೆ ಎತ್ತಿನ ಗಾಡಿ ಹೋಗುತ್ತಿದ್ದ ಊರದಾರಿಯೇ ಹತ್ತಾರು ಬಡಾವಣೆಗಳಿಗೆ ಇರುವ ಒಂದೇ ದಾರಿಯಾಯಿತು. ಶಾಲೆಯ ವ್ಯಾನು, ನೀರಿನ ಟ್ಯಾಂಕರು, ಕಚೇರಿಗೆ ಹೋಗುವ ಕಾರು, ಎಲ್ಲದರ ಭಾರವೂ ಅದರ ಮೇಲೆಯೇ.

2007ರಲ್ಲಿ 7 ನಗರಸಭೆಗಳನ್ನೂ 1 ಪುರಸಭೆಯನ್ನೂ 110 ಹಳ್ಳಿಗಳನ್ನೂ ಸೇರಿಸಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯನ್ನು ರಚಿಸಿದರು. ಪಾಲಿಕೆಯ ಹೆಸರು ಬೇಗ ಬಂದಿತು. ಪಾಲಿಕೆಯ ಸೌಕರ್ಯ ನಿಧಾನವಾಗಿ ಬಂದಿತು. ಆ 110 ಹಳ್ಳಿಗಳನ್ನು ಉದ್ದೇಶಿಸಿದ ಕಾವೇರಿ 5ನೆಯ ಹಂತದ ಯೋಜನೆ, ದಿನಕ್ಕೆ 77.5 ಕೋಟಿ ಲೀಟರ್ ನೀರಿನದು, ಉದ್ಘಾಟನೆಯಾದುದು 2024ರ ಅಕ್ಟೋಬರಿನಲ್ಲಿ. ನಡುವೆ 17 ವರ್ಷ ಕಳೆದಿತ್ತು.

ನೀರು ಬರಬೇಕಾದರೆ ಕೊಳವೆ ಹೂಳಬೇಕು. ಕೊಳವೆ ಹೂಳಲು ರಸ್ತೆಯನ್ನು ಅಗೆಯಲೇಬೇಕು. ಅಗೆಯುವುದು ತಪ್ಪಲ್ಲ, ಒಬ್ಬರು ಮುಚ್ಚಿದ ಮೇಲೆ ಇನ್ನೊಬ್ಬರು ಅಗೆಯುವುದು ತಪ್ಪು. ಕೊಳವೆ ಜಲಮಂಡಳಿಯದು, ವಿದ್ಯುತ್ ತಂತಿ ಬೆಸ್ಕಾಮಿನದು, ಡಾಂಬರು ನಗರಪಾಲಿಕೆಯದು, ವಾಹನ ಸಂಚಾರ ಪೊಲೀಸರದು, ಬಸ್ಸು ಸಾರಿಗೆ ಸಂಸ್ಥೆಯದು. ರಸ್ತೆ ಒಂದು, ಒಡೆಯರು ಐವರು!

ಇನ್ನು ನಮ್ಮ ಅಭಿಪ್ರಾಯಗಳ ವಿಷಯ. ವಾಹನವುಳ್ಳವರು ರಸ್ತೆ ಅಗಲವಾಗಲಿ ಎನ್ನುತ್ತಾರೆ. ನಡೆಯುವವರು ಫುಟ್‌ಪಾತ್ ಬೇಕೆನ್ನುತ್ತಾರೆ. ಎರಡೂ ನ್ಯಾಯವಾದ ಬೇಡಿಕೆಗಳೇ. ಆದರೆ ಸಂಘದ ಸಭೆಗೆ ಬಂದು ಮಾತಾಡುವವರು, ಅರ್ಜಿ ಬರೆಯುವವರು ಸಾಮಾನ್ಯವಾಗಿ ಮೊದಲನೆಯವರು. ಶಾಲೆಗೆ ನಡೆದು ಹೋಗುವ ಮಗು, ಮನೆಗೆಲಸಕ್ಕೆ ಬರುವ ಹೆಂಗಸು, ಊರುಗೋಲು ಹಿಡಿದು ಬಸ್ಸಿಗೆ ಕಾಯುವ ಹಿರಿಯರು ಸಭೆಗೆ ಬರುವುದು ಅಪರೂಪ. ಆದ್ದರಿಂದ ಬಡಾವಣೆಯ ಅಭಿಪ್ರಾಯವೆಂದು ಕಚೇರಿಗೆ ಮುಟ್ಟುವುದು ಅರ್ಧ ಬಡಾವಣೆಯ ಅಭಿಪ್ರಾಯ ಮಾತ್ರ. ಫುಟ್‌ಪಾತನ್ನು ನುಂಗಿ ರಸ್ತೆ ಅಗಲವಾದರೆ ಕಾರಿಗೆ ಎರಡು ನಿಮಿಷ ಉಳಿದೀತು. ಆ ಮಗು ಮಾತ್ರ ಲಾರಿಯ ಪಕ್ಕದಲ್ಲಿಯೇ ನಡೆಯಬೇಕಾದೀತು. ಅಗಲಿಸುವುದಕ್ಕಿಂತ ಮೊದಲು, ಕಾಂಪೌಂಡಿಗೆ ಬಂದು ನಿಂತ ಬೀದಿಗಳನ್ನು ಒಂದಕ್ಕೊಂದು ಕೂಡಿಸಲಾದೀತೆ ಎಂದು ನೋಡುವುದು ಲೇಸು.

ಇದನ್ನೆಲ್ಲ ಯಾರಿಗೆ ಹೇಳಬೇಕು? 1992ರ 74ನೆಯ ಸಂವಿಧಾನ ತಿದ್ದುಪಡಿ 3 ಲಕ್ಷಕ್ಕೆ ಮೇಲ್ಪಟ್ಟ ಜನಸಂಖ್ಯೆಯ ನಗರಗಳಿಗೆ ವಾರ್ಡ್ ಸಮಿತಿಗಳನ್ನು ವಿಧಿಸಿತು. ಬೆಂಗಳೂರಿನಲ್ಲಿಯಾದರೋ 2020ರ ಸೆಪ್ಟೆಂಬರಿನಲ್ಲಿ ಚುನಾಯಿತ ಸದಸ್ಯರ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ಅಧಿಕಾರಿಗಳೇ ಪಾಲಿಕೆಯನ್ನು ನಡೆಸಿದರು. 2025ರ ಸೆಪ್ಟೆಂಬರಿನಲ್ಲಿ ಆ ಒಂದು ಪಾಲಿಕೆಯ ಬದಲಿಗೆ ಐದು ನಗರಪಾಲಿಕೆಗಳಾದವು. ಕಚೇರಿ ಹತ್ತಿರ ಬಂದರೆ ಸಾಲದು, ನಾವೂ ಅದರ ಹತ್ತಿರ ಹೋಗಬೇಕು.

ಶಾಲೆ ಬಿಡುವ ಹೊತ್ತಿಗೆ ನೆರೆಯವರೊಡನೆ ನಿಮ್ಮ ರಸ್ತೆಯಲ್ಲಿ ಒಮ್ಮೆ ನಡೆದು ನೋಡಿ. ಹಳ್ಳ ಎಲ್ಲಿದೆ, ದೀಪ ಎಲ್ಲಿಲ್ಲ, ಯಾವುದು ಯಾವ ಇಲಾಖೆಯ ಕೆಲಸ ಎಂದು ಗುರುತು ಮಾಡಿಕೊಳ್ಳಿ. ಮನೆಗೆಲಸದಾಕೆಯನ್ನೂ ಒಂದು ಮಾತು ಕೇಳಿ: "ಎಲ್ಲಿ ರಸ್ತೆ ದಾಟಲು ಹೆದರಿಕೆಯಾಗುತ್ತದಮ್ಮ?" ಅವರು ಹೇಳುವ ಜಾಗವನ್ನು ನಿಮ್ಮ ಅರ್ಜಿಯ ಮೊದಲನೆಯ ಸಾಲಿನಲ್ಲಿ ಬರೆಯಿರಿ.