ಕಲ್ಲಿಗೆ ಕಾಯಿದೆಯಿದೆ, ಪಕ್ಕದ ಮನೆಗೆ?

(ಗಿರಣಿ ಕಾರ್ಮಿಕರ ಹಾಗೂ ಸಣ್ಣ ವ್ಯಾಪಾರಸ್ಥರ ಸಭೆಯಲ್ಲಿ ಮಾಡಿದ ಭಾಷಣ)



ಹಳೆಯ ಗುಡಿಗಳ ಬಗ್ಗೆ ಮಾತಾಡಲು ಸಂಘದ ಸಭೆಯೇ ಬೇಕಿತ್ತೇ ಎಂದು ಕೆಲವರು ಕೇಳಿದರು. ಬೇಕಿತ್ತು. ಮಲಪ್ರಭೆಯ ದಂಡೆಯ ಹಳ್ಳಿಗಳಿಂದ ಬಂದು ಇಲ್ಲಿ ಪಾಳಿ ಮಾಡುವವರು ನಮ್ಮಲ್ಲಿದ್ದಾರೆ. ಅವರ ತಂದೆತಾಯಿ ಇನ್ನೂ ಅಲ್ಲೇ, ಗುಡಿಯ ಮಗ್ಗುಲ ಮನೆಯಲ್ಲಿದ್ದಾರೆ. ಸೋರುವ ಮಾಳಿಗೆ ದುರಸ್ತಿ ಮಾಡಬೇಕೆಂದರೂ ಅವರಿಗೆ ಅಪ್ಪಣೆ ಬೇಕು.

ಹುನಗುಂದ ತಾಲೂಕಿನ ಐಹೊಳೆಯನ್ನೇ ನೋಡಿ. ನೂರಕ್ಕೂ ಮಿಕ್ಕಿ ಗುಡಿಗಳು. ಮೇಗುಟಿಯಲ್ಲಿ ಕ್ರಿ.ಶ. 634ರ ರವಿಕೀರ್ತಿಯ ಶಾಸನ. ಮಾಸ್ತರಿಕೆ ಮಾಡುವಾಗ ಆ ಇಸವಿಯನ್ನು ಮಕ್ಕಳಿಂದ ಬಾಯಿಪಾಠ ಮಾಡಿಸಿದ್ದೇವೆ. ಅಯ್ಯಾವೊಳೆಯ ಐನೂರ್ವರ ಸಂಗತಿಯನ್ನು ಮಾತ್ರ ಹೇಳಿಕೊಟ್ಟಿರಲಿಲ್ಲ, ತಪ್ಪು ನಮ್ಮದೇ. ಇದೇ ಊರಿನ ಹೆಸರು ಹೊತ್ತ ವರ್ತಕರ ಸಂಘ ಅದು. ದಕ್ಷಿಣ ದೇಶವೆಲ್ಲ ತಿರುಗಿ ಸಮುದ್ರವನ್ನೂ ದಾಟಿತ್ತು. ಅದರ 1088ರ ಶಾಸನ ಸುಮಾತ್ರದಲ್ಲಿ ಸಿಕ್ಕಿದೆ. ನೆರೆಯ ಪಟ್ಟದಕಲ್ಲಿನಲ್ಲಿ ರಾಣಿ ಲೋಕಮಹಾದೇವಿ ಕಟ್ಟಿಸಿದ ವಿರೂಪಾಕ್ಷ ಗುಡಿಯಲ್ಲಿ ಕಟ್ಟಿದವನ ಹೆಸರೂ ಕೆತ್ತಿದೆ: ಗುಂಡ ಅನಿವಾರಿತಾಚಾರಿ. ಕಲ್ಲು ಹೊತ್ತವರ ಹೆಸರು, ಎಂದಿನಂತೆ, ಇಲ್ಲ.

ಆದುದರಿಂದ ಈ ಕಲ್ಲುಗಳು ನಮ್ಮವಲ್ಲ ಎಂದು ಯಾರೂ ಹೇಳಬೇಡಿ. ಜನ ಗುಡಿಗಳೊಳಗೇ ಬಾಳುವೆ ಮಾಡಿದ ಕಾಲವೂ ಇತ್ತು. ಲಾಡಖಾನ ಗುಡಿಗೆ ಆ ಹೆಸರು ಬಂದದ್ದು ಒಳಗೆ ವಾಸವಿದ್ದವನಿಂದ. ಅದು ಹಾಗೆಯೇ ಮುಂದುವರಿಯಬೇಕಿತ್ತು ಎಂದು ನಾವು ಹೇಳುವುದಿಲ್ಲ. ಕಾಯಿದೆ ಇರದಿದ್ದರೆ ಎಷ್ಟೋ ಕಂಬಗಳು ಯಾರದೋ ಬುನಾದಿ ಸೇರುತ್ತಿದ್ದವು.

ಕಾಯಿದೆ ಬ್ರಿಟಿಷರ ಕಾಲದಲ್ಲಿ, 1904ರಲ್ಲಿ ಬಂತು; ಸ್ವತಂತ್ರ ಭಾರತದ್ದು 1958ರದು. ಬಿಗಿಯಾದದ್ದು 2010ರ ತಿದ್ದುಪಡಿಯಿಂದ. ಕೇಂದ್ರದ ರಕ್ಷಣೆಯಲ್ಲಿರುವ ಸ್ಮಾರಕದ ಎಲ್ಲೆಯಿಂದ 100 ಮೀಟರಿನೊಳಗೆ ಹೊಸ ಕಟ್ಟಡ ನಿಷಿದ್ಧ. ಅದರಾಚೆ 200 ಮೀಟರಿನವರೆಗೆ ಅಪ್ಪಣೆ ಪಡೆದೇ ಕಟ್ಟಬೇಕು. ಮೀರಿದರೆ ಎರಡು ವರ್ಷದವರೆಗೆ ಸೆರೆಮನೆ, ಒಂದು ಲಕ್ಷದವರೆಗೆ ದಂಡ. ಬಯಲಿನಲ್ಲಿ ಒಂದೇ ಗುಡಿಯಿದ್ದರೆ ಇದು ಸಹ್ಯ. ಐಹೊಳೆಯಂಥ ಊರಿನಲ್ಲಿ ರಕ್ಷಿತ ಗುಡಿಗೊಂದು ಸುತ್ತು ಎಳೆಯಿರಿ. ಸುತ್ತಿನ ಮೇಲೆ ಸುತ್ತು ಬಿದ್ದು ಬಡವನ ಹಿತ್ತಲೂ ಉಳಿಯುವುದಿಲ್ಲ. ಮಗನಿಗೆ ಲಗ್ನವಾದರೆ ಒಂದು ಕೋಣೆ ಎಬ್ಬಿಸಲು ಎಲ್ಲಿ ಹೋಗಬೇಕು?

ಊರನ್ನೇ ಬೇರೆಡೆಗೆ ಎತ್ತಿಡುವ ಮಾತು ಬಹುಕಾಲದಿಂದ ಬಂದು ಹೋಗುತ್ತಿದೆ. ಎತ್ತಿಡುವುದೆಂದರೆ ಏನು ಎಂಬುದು ಅಂಗಡಿಕಾರ ಬಂಧುಗಳಿಗೆ ಹಂಪಿಯಿಂದ ಗೊತ್ತಿದೆ. 2011ರಲ್ಲಿ ಅಲ್ಲಿಯ ವಿರೂಪಾಕ್ಷ ಬಜಾರಿನ ಅಂಗಡಿ, ಮನೆಗಳನ್ನು ಕೆಡವಿದರು. ಮಂಟಪಗಳು ತೆರವಾದವು, ಸರಿ. ಮೊದಲು ಬದಲಿ ಜಾಗ, ಪರಿಹಾರ, ಆಮೇಲೆ ತೆರವು ಎಂಬ ಕ್ರಮ ಇರಬೇಕಿತ್ತು. ನಮ್ಮ ಬೇಡಿಕೆ ಇಷ್ಟೇ. ಸ್ಮಾರಕದ ಸುತ್ತಲಿನ ಕಟ್ಟಡಗಳಿಗೆ ನಿಯಮ ಬರೆಯುವಾಗ ಅದನ್ನು ಕನ್ನಡದಲ್ಲಿ, ಊರ ಚಾವಡಿಯಲ್ಲಿ ಓದಿ ಹೇಳಿ ಜನರ ಆಕ್ಷೇಪಣೆ ಕೇಳಬೇಕು.

ಇನ್ನು ಕೆಲಸದ ಮಾತು. 1992ರ ಜೂನ್ 16ಕ್ಕಿಂತ ಮೊದಲೇ ಇದ್ದ ಮನೆಯ ದುರಸ್ತಿಗೆ, 100 ಮೀಟರಿನೊಳಗಿದ್ದರೂ, ಅರ್ಜಿ ಹಾಕಲು ಕಾಯಿದೆಯಲ್ಲೇ ಅವಕಾಶವಿದೆ. ಬಹಳ ಜನರಿಗೆ ಇದು ತಿಳಿದಿಲ್ಲ. ಹೆದರಿ ಸೋರುವ ಮನೆಯಲ್ಲೇ ಕೂತಿದ್ದಾರೆ. ಊರಿಗೆ ಹೋದಾಗ ಪೆಟ್ಟಿಗೆ ತೆಗೆದು ಹಳೆಯ ಮನೆಪಟ್ಟಿಯ ಪಾವತಿ, ಖರೇದಿ ಪತ್ರ ಏನಿದ್ದರೂ ತನ್ನಿ. ಭಾನುವಾರ ಸಂಜೆ ಸಂಘದ ಕಚೇರಿಯಲ್ಲಿ ಕೂತು ಅರ್ಜಿ ಬರೆದುಕೊಡುತ್ತೇವೆ.